ಮಿರಜದ ಖಾನ್‌ಸಾಹೇಬರು



ನಮ್ಮ ಸಂಘದ ಹುಡುಗರಿಗೆ ಗಿಟಾರಿನ ಹುಚ್ಚು ಎಷ್ಟೈತಿ ಅನ್ನೋದು ನಿಮಗ ಗೊತ್ತೇ ಐತಿ. ಸಂಜಿ ಆದ್ರ ಸಾಕು, ಸಮಾಜ ಮಂದಿರದ ಕಟ್ಟಿ ಮ್ಯಾಲ ಕುಂತು ಮೊಬೈಲಿನಾಗ ರಾಕ್ ಸಂಗೀತ ನೋಡೋದೇ ಕೆಲಸ. ಮೊನ್ನೆ ಒಬ್ಬ ಒಂದು ಸುದ್ದಿ ತೋರಿಸಿದ. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ ತಾವು ವರ್ಷಗಟ್ಟಲೆ ಕೂಡಿಟ್ಟ ನೂರಕ್ಕಿಂತ ಹೆಚ್ಚು ಗಿಟಾರುಗಳನ್ನು 2019ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜಿಗೆ ಹಾಕಿದರು. ಅದರೊಳಗೆ ಒಂದು ಕಪ್ಪು ಎಲೆಕ್ಟ್ರಿಕ್ ಗಿಟಾರ್, 1970ರಲ್ಲಿ ಅಂಗಡಿಯಲ್ಲಿ ಕೊಂಡದ್ದು, 39 ಲಕ್ಷ 75 ಸಾವಿರ ಡಾಲರಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ 27 ಕೋಟಿ ರೂಪಾಯಿಗೂ ಮೇಲೆ. ಬಂದ ಹಣವನ್ನೆಲ್ಲ ಅವರು ದಾನ ಕೊಟ್ಟರು, ಆ ಮಾತು ಬ್ಯಾರೆ. ಆದ್ರ ನಮ್ಮ ಹುಡುಗನ ಪ್ರಶ್ನೆ ಏನಪಾ ಅಂದ್ರ, ಬಣ್ಣ ಹೋದ ಹಳೇ ಕಟ್ಟಿಗಿಗೆ ಇಷ್ಟು ಬೆಲೆ ಯಾಕ?

ಆ ಪ್ರಶ್ನೆಗೆ ಉತ್ತರ ಹುಡುಕಲಿಕ್ಕೆ ನ್ಯೂಯಾರ್ಕಿಗೆ ಹೋಗಬೇಕಾಗಿಲ್ಲ. ನಮ್ಮ ಮಿರಜದ ಸತಾರಮೇಕರ ಗಲ್ಲಿಗೆ ಹೋದರೆ ಸಾಕು. ಸಿತಾರಕ್ಕೆ ಇಲ್ಲಿ ಸತಾರ ಅಂತೀವಿ, ಅದನ್ನ ಮಾಡೋ ಮನೆತನಗಳ ಅಡ್ಡಹೆಸರೇ ಸತಾರಮೇಕರ ಅಂತ ಆಗೇತಿ. ದೂರದೂರದ ಊರುಗಳಿಂದ ಗಾಯಕರು ತಮ್ಮ ಗುರುವಿನ, ಗುರುವಿನ ಗುರುವಿನ ತಂಬೂರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಲ್ಲಿಗೆ ರಿಪೇರಿಗೆ ತರುತ್ತಾರೆ. ಹೊಸದು ಕೊಳ್ಳಲು ದುಡ್ಡಿಲ್ಲ ಅಂತಲ್ಲ. ಸೋರೆ ಬುರುಡೆ ಮತ್ತು ಕಟ್ಟಿಗೆ ಎರಡೂ ವರ್ಷಗಳು ಕಳೆದಂತೆ ಒಣಗಿ ಹಗುರಾಗಿ ದನಿಗೆ ಒಗ್ಗಿಕೊಳ್ಳುತ್ತವೆ. ಆ ದನಿ ಹೊಸ ವಾದ್ಯದಿಂದ ಬರುವುದಿಲ್ಲ ಅಂತ ಅವರ ನಂಬಿಕೆ.

ಈ ಗಲ್ಲಿಯ ದನಿಯನ್ನು ದೇಶಕ್ಕೆಲ್ಲ ಕೇಳಿಸಿದವರಲ್ಲಿ ಮೊದಲನೆಯವರು ಉಸ್ತಾದ್ ಅಬ್ದುಲ್ ಕರೀಮ್ ಖಾನ್. ಮೀರಾಸಾಹೇಬ ದರ್ಗಾದ ಆವರಣದಲ್ಲಿ ಅವರ ಸಮಾಧಿ ಇದೆ. ನಾವು ದಿನಾ ಆ ದಾರಿಯಲ್ಲೇ ಹೋಗುತ್ತೇವೆ, ಒಳಗ ಯಾರು ಮಲಗ್ಯಾರ ಅಂತ ಎಷ್ಟು ಮಂದಿಗೆ ಗೊತ್ತು? ನನಗೂ ಬಿ.ಎ. ಎರಡನೇ ವರ್ಷದತನಕ ಗೊತ್ತಿರಲಿಲ್ಲ. ಅದಕ್ಕೇ ಈ ಬರಹ.

ಅಬ್ದುಲ್ ಕರೀಮ್ ಖಾನರು 1872ರ ನವೆಂಬರ್ 11ರಂದು ಈಗಿನ ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಲ್ಲಿ ಹುಟ್ಟಿದರು. ಆ ಊರಿನ ಹೆಸರಿಂದಲೇ ಅವರ ಗಾಯನ ಪದ್ಧತಿಗೆ ಕಿರಾಣಾ ಘರಾಣೆ ಎಂಬ ಹೆಸರು ಬಂತು. (ಕಿರಾಣಿ ಅಂಗಡಿಗೂ ಇದಕ್ಕೂ ಏನೂ ಸಂಬಂಧ ಇಲ್ರೀ. ನಾನೂ ಮೊದಲ ಹಂಗ ತಿಳಕೊಂಡಿದ್ದೆ.) ತಂದೆ ಕಾಲೇ ಖಾನ್. ಮನೆತನದಲ್ಲಿ ಹಾಡುವವರಿದ್ದರು, ಸಾರಂಗಿ ನುಡಿಸುವವರೂ ಇದ್ದರು. ಇಲ್ಲೊಂದು ಮಾತು ಹೇಳಬೇಕು. ಜಾತಿಯ ಏಣಿ ನಮ್ಮ ಓಣಿಯಲ್ಲಿ ಮಾತ್ರ ಇದೆ ಅಂತ ತಿಳಿಯಬೇಡಿರಿ, ಸಂಗೀತದಲ್ಲೂ ಇತ್ತು. ಹಾಡುವವನು ಮುಂದೆ, ಸಾರಂಗಿಯವನು ಹಿಂದೆ. ಕುಣಿಯುವ ಹೆಣ್ಣುಮಕ್ಕಳ ಮನೆಗಳಲ್ಲಿ ನುಡಿಸುವವರು ಅಂತ ಸಾರಂಗಿ ಮನೆತನಗಳನ್ನು ದೊಡ್ಡ ಗಾಯಕರು ತಮಗಿಂತ ಕೆಳಗೆ ಇಡುತ್ತಿದ್ದರು. ಖಾನ್‌ಸಾಹೇಬರು ಸ್ವತಃ ಸಾರಂಗಿ, ಬೀನ್ ನುಡಿಸಬಲ್ಲವರಾಗಿದ್ದರು. ಅವರ ಹಾಡಿನಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಎಣ್ಣೆ ಜಾರಿದಂತೆ ಜಾರುವ ಗುಣ ಇದೆಯಲ್ಲ, ಅದು ಸಾರಂಗಿಯಿಂದ ಬಂದದ್ದು ಅಂತ ನನಗೆ ಅನಿಸುತ್ತದೆ.

ಇನ್ನೂ ಸಣ್ಣ ವಯಸ್ಸಿನಲ್ಲೇ ತಮ್ಮ ಅಬ್ದುಲ್ ಹಕ್ ಜೊತೆ ಬರೋಡಾ ದರಬಾರಿಗೆ ಬಂದರು. ಅಲ್ಲಿಯ ಮಹಾರಾಜ ಸಯಾಜಿರಾವ್ ಗಾಯಕವಾಡರು ನಮಗೆ ಗುರುತಿನವರೇ. 1913ರಲ್ಲಿ ಬಾಬಾಸಾಹೇಬರಿಗೆ ಅಮೆರಿಕಕ್ಕೆ ಹೋಗಿ ಓದಲು ವಿದ್ಯಾರ್ಥಿವೇತನ ಕೊಟ್ಟವರು. ಆ ದರಬಾರಿನ ಸರದಾರ ಮಾರುತಿರಾವ್ ಮಾನೆಯವರ ಮಗಳು ತಾರಾಬಾಯಿ. ಆಕೆಗೆ ಹಾಡು ಕಲಿಸಲು ಹೋದ ಖಾನ್‌ಸಾಹೇಬರಿಗೂ ಆಕೆಗೂ ಪ್ರೀತಿ ಹುಟ್ಟಿತು. ಆತ ಮುಸಲ್ಮಾನ ಹಾಡುಗಾರ, ಆಕೆ ಮರಾಠಾ ಸರದಾರರ ಮಗಳು. ಬರೋಡಾದಲ್ಲಿ ಇರಲಿಕ್ಕೆ ಆಗಲಿಲ್ಲ, ಇಬ್ಬರೂ ಊರು ಬಿಟ್ಟರು. ಅದೇ ಬರೋಡಾ 1917ರಲ್ಲಿ ಬಾಬಾಸಾಹೇಬರಿಗೂ ಇರಲಿಕ್ಕೆ ಒಂದು ಖೋಲಿ ಕೊಡದೆ ವಾಪಸ್ ಕಳಿಸಿತು ಅನ್ನೋದು ನಿಮಗ ನೆನಪಿರಬೇಕು. ರಾಜ ಎಷ್ಟೇ ದೊಡ್ಡವನಿದ್ದರೂ ಊರು ಊರೇ.

ಹೀಗೆ ಊರು ಬಿಟ್ಟು ತಿರುಗುತ್ತಾ ಮಿರಜಕ್ಕೆ ಬಂದರು. ಇಲ್ಲಿಗೆ ಯಾಕೆ ಬಂದರು, ಬಂದವರು ಯಾಕೆ ಉಳಿದರು? ಊರಿನ ಹಿರಿಯರು ಹೇಳುವ ಕಥೆ ಹೀಗಿದೆ. ಆಗ ಪ್ಲೇಗು ಹಬ್ಬಿತ್ತು, ಮನೆಯಲ್ಲಿ ಕಾಯಿಲೆ ಬಿತ್ತು. ಮೀರಾಸಾಹೇಬರ ದರ್ಗಾಕ್ಕೆ ಹೋಗಿ ಹಾಡಿ ಬೇಡಿಕೊಂಡರು, ಗುಣ ಆಯಿತು. ಅಂದಿನಿಂದ ಈ ಊರು ಬಿಡಲಿಲ್ಲ. ಕಥೆಯನ್ನು ನೀವು ನಂಬಿರಿ, ಬಿಡಿರಿ. ಇನ್ನೊಂದು ಕಾರಣ ನನ್ನ ಕಣ್ಣಿಗೆ ಕಾಣುತ್ತದೆ. ಮಿರಜದಲ್ಲಿ ಅವರಿಗೆ ಬೇಕಾದ ತಂಬೂರಿ ಇತ್ತು, ಅದನ್ನು ಮಾಡುವ ಕೈಗಳಿದ್ದವು.

ಆ ಕೈಗಳು ಯಾರವು? ಶಿಕಲಗಾರರವು. ಕತ್ತಿ, ಭರ್ಚಿಗೆ ಸಾಣೆ ಹಿಡಿಯುತ್ತಿದ್ದ ಬಡ ಮುಸಲ್ಮಾನರು. ಇಂಗ್ಲಿಷರ ಆಳ್ವಿಕೆ ಬಂದ ಮೇಲೆ ಸಂಸ್ಥಾನಗಳಿಗೆ ಯುದ್ಧವೇ ಇಲ್ಲದಂತಾಯಿತು, ಕತ್ತಿಗೆ ಕೆಲಸ ಇಲ್ಲ, ಸಾಣೆ ಹಿಡಿಯುವವನ ಹೊಟ್ಟೆಗೆ ಹಿಟ್ಟಿಲ್ಲ. 1850ರ ಸುಮಾರಿಗೆ ಫರೀದಸಾಹೇಬ ಶಿಕಲಗಾರ ಎಂಬುವರು ಸಿತಾರ, ತಂಬೂರಿ ರಿಪೇರಿಗೆ ಕೈ ಹಾಕಿದರು, ಆಮೇಲೆ ಹೊಸದನ್ನೇ ಕಟ್ಟಲು ಕಲಿತರು. ಮಿರಜದ ಪಟವರ್ಧನ ಸಂಸ್ಥಾನಿಕರಿಗೆ ಸಂಗೀತದ ಹುಚ್ಚು ಇದ್ದದ್ದರಿಂದ ಆಶ್ರಯವೂ ಸಿಕ್ಕಿತು. ಪಂಢರಪುರದ ಕಡೆಯ ರೈತರು ಬೆಳೆದ ದೊಡ್ಡ ಸೋರೆಗಳನ್ನು ತಂದು, ಒಣಗಿಸಿ, ಕೊಯ್ದು, ತುಣ ಕಟ್ಟಿಗೆಯ ದಾಂಡಿ ಜೋಡಿಸಿ ತಂಬೂರಿ ಮಾಡುತ್ತಾರೆ. 2024ರಲ್ಲಿ ಮಿರಜದ ಸಿತಾರ ಮತ್ತು ತಂಬೂರಿಗೆ ಸರಕಾರದ ಜಿಐ ಮಾನ್ಯತೆ ಸಿಕ್ಕಿತು. ಫರೀದಸಾಹೇಬರ ಕಾಲದಿಂದ ಲೆಕ್ಕ ಹಾಕಿದರೆ ಸುಮಾರು 175 ವರ್ಷಕ್ಕೆ!

ತಂಬೂರಿಯ ಜೀವ ಇರುವುದು ಅದರ ಘೋಡಿಯಲ್ಲಿ, ನಮ್ಮ ಮಾತಿನಾಗ ಕುದುರಿ. ಬುರುಡೆಯ ಮೇಲಿನ ತಬಲಿಯ ಮೇಲೆ ಕೂತಿರುವ, ಎಲುಬಿನಿಂದ ಮಾಡಿದ ಒಂದು ಸಣ್ಣ ಹಲಗೆ. ಅದರ ಮೇಲ್ಮೈಯನ್ನು ಕಾನಸದಿಂದ ಎಷ್ಟು ನಯವಾಗಿ ತಿಕ್ಕಬೇಕೆಂದರೆ, ತಂತಿ ಅದಕ್ಕೆ ತಾಗಿದ್ದೂ ಹೌದು, ತಾಗದಿದ್ದುದೂ ಹೌದು ಅನ್ನುವಷ್ಟು. ಕೂದಲೆಳೆಯಷ್ಟು ಹೆಚ್ಚು ಹೋದರೆ ದನಿ ಸತ್ತಿತು. ಇದಕ್ಕೆ ಜವಾರಿ ತೆಗೆಯುವುದು ಅಂತಾರೆ. ಆಮೇಲೆ ತಂತಿಯ ಕೆಳಗೆ ಒಂದು ನೂಲಿನ ಎಳೆ ಇಟ್ಟು ಅತ್ತಿತ್ತ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ತಂತಿ ಜೇನುಹುಳದ ಹಾಗೆ ಗುಂಯ್ ಅನ್ನಲು ಶುರುಮಾಡುತ್ತದೆ.

ಖಾನ್‌ಸಾಹೇಬರ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಇಲ್ಲಿದೆ. ಈ ಕೆಲಸವನ್ನು ಅವರು ಸ್ವತಃ ಮಾಡುತ್ತಿದ್ದರು. ವಾದ್ಯ ರಿಪೇರಿ ಅವರ ಕೈವಶ ಇತ್ತು, ಅದರ ಹತಾರಗಳನ್ನು ಜೊತೆಗೇ ಇಟ್ಟುಕೊಳ್ಳುತ್ತಿದ್ದರು. ಮೈಸೂರು ಮಹಾರಾಜರಿಂದ ಸಂಗೀತ ರತ್ನ ಎಂಬ ಬಿರುದು ಪಡೆದವರು, ದರಬಾರುಗಳಲ್ಲಿ ಪಗಡಿ ಸುತ್ತಿಕೊಂಡು ಹಾಡುವವರು, ಮನೆಯಲ್ಲಿ ನೆಲದ ಮೇಲೆ ಕೂತು ತಂಬೂರಿಯ ಜವಾರಿ ತಿಕ್ಕುತ್ತಿದ್ದರು. ನಮ್ಮ ದೇಶದಲ್ಲಿ ಬುದ್ಧಿಯವರು ಬ್ಯಾರೆ, ಕೈಕೆಲಸದವರು ಬ್ಯಾರೆ ಅಂತ ಗೆರೆ ಹೊಡೆದು ಎಷ್ಟು ಸಾವಿರ ವರ್ಷ ಆದವೋ. ಆ ಗೆರೆಯ ಯಾವ ಕಡೆ ನಮ್ಮನ್ನ ಇಟ್ಟರು ಅನ್ನೋದು ಬರೆಯಬೇಕಾಗಿಲ್ಲ.

ನಮ್ಮ ಅಜ್ಜ ಹಲಗಿ ಬಾರಿಸುತ್ತಿದ್ದ. ಬಾರಿಸುವ ಮೊದಲು ಹುಲ್ಲಿಗೆ ಬೆಂಕಿ ಹಚ್ಚಿ ಚರ್ಮ ಕಾಸುತ್ತಿದ್ದ, ಕಿವಿ ಹತ್ತಿರ ಹಿಡಿದು ಬೆರಳಿಂದ ಒಂದು ಸಲ ಟಕ್ ಅನ್ನಿಸಿ ಕೇಳುತ್ತಿದ್ದ, ಮತ್ತೆ ಕಾಸುತ್ತಿದ್ದ. ಆ ದನಿ ಬರೋತನಕ ಮದುವಿ ಮೆರವಣಿಗಿ ನಿಂತರೂ ಅಂವಗ ಪರವಾ ಇರಲಿಲ್ಲ. ಖಾನ್‌ಸಾಹೇಬರು ತಂಬೂರಿ ಶ್ರುತಿ ಮಾಡುತ್ತಾ ಬಹಳ ಹೊತ್ತು ಕೂಡುತ್ತಿದ್ದರು ಅಂತ ಓದಿದಾಗ ನನಗೆ ಕಂಡದ್ದು ಅಜ್ಜನ ಮುಖ.

ಆ ಕಿವಿ ಎಂಥಾದ್ದು ಅನ್ನೋದಕ್ಕೆ ನಮ್ಮ ಸಾಂಗಲಿಯಲ್ಲೇ ಒಂದು ಪುರಾವೆ ಇದೆ. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ ಎಂಬುವರು ಸರಕಾರಿ ನೌಕರಿಯಿಂದ ನಿವೃತ್ತರಾಗಿ ಸಂಗೀತದ ಲೆಕ್ಕಕ್ಕೆ ಬೆನ್ನು ಹತ್ತಿದ್ದರು. ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಒಂದು ಸಪ್ತಕಕ್ಕೆ 12 ಮನೆ. ಆದರೆ ನಮ್ಮ ಹಳೆಯ ಶಾಸ್ತ್ರಗಳು 22 ಶ್ರುತಿ ಇವೆ ಅನ್ನುತ್ತವೆ. ಉಳಿದವು ಎಲ್ಲಿ? ದೇವಲರು ತಂತಿಯ ಉದ್ದ ಅಳೆದು ಲೆಕ್ಕ ಹಾಕಿದರು. ಆ ಲೆಕ್ಕ ಸರಿಯೋ ತಪ್ಪೋ ಅಂತ ಪರೀಕ್ಷೆ ಮಾಡಲು ಅವರಿಗೆ ಸಿಕ್ಕ ಯಂತ್ರ ಅಬ್ದುಲ್ ಕರೀಮ್ ಖಾನರ ಕಂಠ ಮತ್ತು ಕಿವಿ. 1910ರಲ್ಲಿ ದೇವಲರ ಪುಸ್ತಕ ಬಂತು. ಆಮೇಲೆ ಕ್ಲೆಮೆಂಟ್ಸ್ ಎಂಬ ಇಂಗ್ಲಿಷ್ ಅಧಿಕಾರಿಯೂ ಸೇರಿಕೊಂಡು 22 ಶ್ರುತಿಗಳ ಹಾರ್ಮೋನಿಯಂ ಮಾಡಿಸಿದರು. 1916ರಲ್ಲಿ ಬರೋಡಾದ ಅಖಿಲ ಭಾರತ ಸಂಗೀತ ಪರಿಷತ್ತಿನ ಮುಂದೆ ಅದನ್ನು ಇಟ್ಟರು. ಅಲ್ಲಿಯ ಪಂಡಿತರೂ ಉಸ್ತಾದರೂ ಒಪ್ಪಲಿಲ್ಲ. ಯಾರು ಸರಿ ಅಂತ ಹೇಳುವಷ್ಟು ನಾನು ಓದಿಲ್ಲ. ಆದರೆ ಬಹಳ ಮಂದಿ ಉಸ್ತಾದರು ತಮ್ಮ ವಿದ್ಯೆಯನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಿದ್ದ ಕಾಲದಲ್ಲಿ ಈ ಮನುಷ್ಯ ಅಳತೆಪಟ್ಟಿಯ ಮುಂದೆ ಕೂತು ಹಾಡಿದರು.

ಮುಚ್ಚಿಡದೆ ಕಲಿಸಿದರು ಕೂಡ. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದರು. ಹುಡುಗರು ಗುರುವಿನ ಮನೆಯವರಂತೆ ಇದ್ದು ಕಲಿಯುತ್ತಿದ್ದರು. ಶಾಲೆ ನಡೆಸಲು ದುಡ್ಡು ಬೇಕಲ್ಲ, ಟಿಕೆಟಿನ ಜಲಸಾ ಮಾಡುತ್ತಿದ್ದರು. ಅವರು ಒಂದು ನಾಯಿಗೂ ಸ್ವರ ಹಿಡಿಯಲು ಕಲಿಸಿದ್ದರು, ಟಿಪ್ಪು ಅಂತ ಅದರ ಹೆಸರು, ಜಲಸಾದಲ್ಲಿ ಅದರದೂ ಒಂದು ಪಾಳಿ. ನಗಬ್ಯಾಡ್ರಿ, ಖರೇ ಐತಿ.

ನಮ್ಮ ಕನ್ನಡ ಸೀಮೆಗೆ ಅವರ ಋಣ ದೊಡ್ಡದು. ಮೈಸೂರಿಗೆ ಹೋಗುವಾಗ ಬರುವಾಗ ಧಾರವಾಡ, ಹುಬ್ಬಳ್ಳಿಯಲ್ಲಿ ಇಳಿಯುತ್ತಿದ್ದರು. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಮುಂದೆ ಸವಾಯಿ ಗಂಧರ್ವ ಎಂದು ಹೆಸರಾದರು. ಗದಗಿನ ಹುಡುಗನೊಬ್ಬ ಅಂಗಡಿಯಲ್ಲಿ ಖಾನ್‌ಸಾಹೇಬರ ಜಿಂಝೋಟಿ ರಾಗದ ಠುಮ್ರಿಯ ರೆಕಾರ್ಡು ಕೇಳಿ, ಹೀಗೆ ಹಾಡಲು ಕಲಿಯಬೇಕೆಂದು ಮನೆ ಬಿಟ್ಟು ಓಡಿಹೋದ. ಆ ಹುಡುಗ ಭೀಮಸೇನ ಜೋಶಿ. ಮೂರು ನಿಮಿಷದ ರೆಕಾರ್ಡು ಅದು.

ಆದರೆ ನಾನು ಹೆಚ್ಚು ಹೇಳಬೇಕಾದ್ದು ಗಂಗೂಬಾಯಿ ಹಾನಗಲ್ ಅವರ ಮನೆಯ ಸಂಗತಿ. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದರು. ಊರಿನವರು ಹಾಡು ಕೇಳಲು ಬರುತ್ತಿದ್ದರು, ಆದರೆ ಆ ಮನೆತನದ ಜಾತಿಯ ಹೆಸರು ಹಿಡಿದು ಹೀಯಾಳಿಸುತ್ತಿದ್ದರು ಕೂಡ. 1924ರಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಹಾಡಿದ ಹನ್ನೊಂದು ವರ್ಷದ ಗಂಗೂಬಾಯಿಗೆ, ಹಾಡು ಮುಗಿದ ಮೇಲೆ ತನ್ನನ್ನು ಬೇರೆ ಕೂರಿಸುತ್ತಾರೇನೋ, ಎಂಜಲು ಎತ್ತಲು ಹೇಳುತ್ತಾರೇನೋ ಎಂಬ ಹೆದರಿಕೆ ಇತ್ತು. ಅಂಥ ಮನೆಗೆ ಖಾನ್‌ಸಾಹೇಬರು ಕೇಳುಗರಾಗಿ ಬರುತ್ತಿದ್ದರು. ದಕ್ಷಿಣದವರು ಸ್ವರಗಳನ್ನು ಹೆಸರಿಡಿದು ಸರಿಗಮ ಹಾಡುವ ರೀತಿ ಅವರಿಗೆ ಬೇಕಾಗಿತ್ತು. ಅದನ್ನು ಕಲಿತು ತಮ್ಮ ಹಾಡಿನಲ್ಲಿ ತಂದರು, ತ್ಯಾಗರಾಜರ ಕೃತಿಯನ್ನೂ ರೆಕಾರ್ಡಿಗೆ ಹಾಡಿದರು. ಗಂಗೂಬಾಯಿ ಮುಂದೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರ ಹತ್ತಿರ ಕಲಿತರು. 2002ರಲ್ಲಿ ಪದ್ಮವಿಭೂಷಣ ಬಂತು.

ಖಾನ್‌ಸಾಹೇಬರನ್ನು ದೇವರು ಮಾಡಿ ಕೂರಿಸುವುದು ನನಗೆ ಬೇಕಾಗಿಲ್ಲ. 1922ರಲ್ಲಿ ತಾರಾಬಾಯಿ ಐದು ಮಕ್ಕಳನ್ನು ಕರೆದುಕೊಂಡು ಬೇರೆಯಾದರು. ಅಭಿಮಾನಿಗಳು ಈ ಸಂಗತಿಯನ್ನು ಲಗುನ ದಾಟಿಹೋಗತಾರ. ಅವರ ಸಲುವಾಗಿ ತವರು, ಮಾನ, ಊರು ಎಲ್ಲಾ ಬಿಟ್ಟು ಬಂದ ಹೆಣ್ಣುಮಗಳು ಸುಮ್ನ ಮನಿ ಬಿಡೂದಿಲ್ಲ. ಮಕ್ಕಳ ಹೆಸರಿನಲ್ಲಿ ತಂದೆಯ ಹೆಸರು ಉಳಿಯಲಿಲ್ಲ: ಅಬ್ದುಲ್ ರೆಹಮಾನ್ ಸುರೇಶಬಾಬು ಮಾನೆ ಆದ, ಸಕೀನಾ ಸರಸ್ವತಿ ಆದಳು. 1905ರಲ್ಲಿ ಮಿರಜದಲ್ಲೇ ಹುಟ್ಟಿದ ಮಗಳು ಹೀರಾಬಾಯಿ ಬಡೋದೇಕರ. ಮರ್ಯಾದಸ್ಥ ಹೆಣ್ಣುಮಕ್ಕಳು ವೇದಿಕೆ ಹತ್ತಬಾರದು ಅನ್ನುವ ಕಾಲದಲ್ಲಿ ಟಿಕೆಟಿಟ್ಟು ಕಛೇರಿ ಮಾಡಿದ ಧೈರ್ಯವಂತೆ. ಅವರದ್ದೇ ಒಂದು ಬರಹ ಆಗಬೇಕು, ಮುಂದಿನ ಸಂಚಿಕೆಗೆ ಯಾರಾದರೂ ನಮ್ಮ ತಂಗಿಯರು ಬರೀರಿ. ಮನೆ ಒಡೆದ ಮೇಲೆ ಖಾನ್‌ಸಾಹೇಬರಿಗೆ ಮಿರಜವೇ ಕಾಯಂ ನೆಲೆಯಾಯಿತು.

ಇನ್ನು ದರ್ಗಾದ ಮಾತು. ಮೀರಾಸಾಹೇಬರ ಉರುಸಿನಲ್ಲಿ ಮಾನದ ಮೊದಲ ಗಲೇಫು ಯಾರದು ಅಂತ ನಿಮಗೆಲ್ಲ ಗೊತ್ತು. ಚರ್ಮಕಾರ ಸಮಾಜದ್ದು. ನಮ್ಮ ಬಾಂಧವರು ಗಲೇಫು ಹಾಕಿದ ಮೇಲೆಯೇ ಉರುಸು ಶುರು. ನಮ್ಮ ಜನ ಗುಡಿಯ ಮೆಟ್ಟಿಲ ಕೆಳಗೇ ನಿಂತು ಕೈ ಮುಗಿಯುತ್ತಿದ್ದ ಕಾಲದಲ್ಲೂ ಈ ಬಾಗಿಲಲ್ಲಿ ಅವರ ಕೈ ಮೊದಲು ಹೋಗುತ್ತಿತ್ತು. ಖಾನ್‌ಸಾಹೇಬರು ಉರುಸಿನಲ್ಲಿ ಹಾಡುತ್ತಿದ್ದುದು ಈ ಆವರಣದಲ್ಲೇ, ಹುಣಸೆ ಗಿಡದ ಕೆಳಗೆ. ದರಬಾರಿನಲ್ಲಿ ಅವರ ಹಾಡು ಕೇಳಲು ಆಮಂತ್ರಣ ಬೇಕು, ಜಲಸಾಕ್ಕೆ ಟಿಕೆಟು ಬೇಕು. ಇಲ್ಲಿ ಎರಡೂ ಬೇಕಾಗಿರಲಿಲ್ಲ.

ನನಗೊಂದು ಸ್ವಂತ ಅನುಭವ ಇದೆ. ಹತ್ತನೇ ಇಯತ್ತೆ ಮುಗಿದ ಮೇಲೆ ತಬಲಾ ಕಲಿಯಬೇಕೆಂದು ಒಂದು ಕಡೆ ಹೋಗಿದ್ದೆ. ಹೆಸರು ಕೇಳಿದರು, ಹೇಳಿದೆ. ಅಡ್ಡಹೆಸರು ಕೇಳಿದರು, ಹೇಳಿದೆ. ಯಾವ ಓಣಿ ಅಂದರು, ಅದನ್ನೂ ಹೇಳಿದೆ. ಬ್ಯಾಚು ತುಂಬೇತಿ, ಮುಂದಿನ ವರ್ಷ ಬಾ ಅಂದರು. ನನ್ನ ಹಿಂದೆ ಬಂದ ಇಬ್ಬರು ಹುಡುಗರು ಅದೇ ವಾರ ಸೇರಿಕೊಂಡರು. ಮುಂದಿನ ವರ್ಷ ನಾ ಹೋಗಲಿಲ್ಲ. ತಬಲಾದ ಮೇಲಿರುವ ಚರ್ಮವನ್ನು ಹದ ಮಾಡಿದ ಕೈ ಯಾರವು ಅಂತ ಕೇಳಿ ಬರಬೇಕಾಗಿತ್ತು, ಆಗ ಬಾಯಿ ಬರಲಿಲ್ಲ. ಕಳೆದ ಉರುಸಿನಲ್ಲಿ ಆವರಣದ ಕಲ್ಲಿನ ಮೇಲೆ ಕೂತು ರಾತ್ರಿಯೆಲ್ಲ ತಬಲಾ ಕೇಳಿದೆ, ವೇದಿಕೆಯಿಂದ ಹತ್ತು ಹೆಜ್ಜೆ ದೂರದಲ್ಲಿ. ಯಾರೂ ಅಡ್ಡಹೆಸರು ಕೇಳಲಿಲ್ಲ. ಪಕ್ಕದಲ್ಲಿ ಕೂತ ಮುದುಕರು ತಮ್ಮ ಚಾದರದ ಅರ್ಧ ನನ್ನ ಕಡೆ ಸರಿಸಿದರು.

1937ರ ಅಕ್ಟೋಬರಿನಲ್ಲಿ ಖಾನ್‌ಸಾಹೇಬರು ಮದ್ರಾಸಿನಿಂದ ಪಾಂಡಿಚೇರಿಗೆ, ಅರವಿಂದರ ಆಶ್ರಮಕ್ಕೆ ರೈಲಿನಲ್ಲಿ ಹೊರಟಿದ್ದರು. ರಾತ್ರಿ ದಾರಿಯಲ್ಲಿ ಎದೆನೋವು ಬಂತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಶಿಷ್ಯರು ಇಳಿಸಿದರು. ಪ್ಲಾಟ್‌ಫಾರ್ಮಿನ ಮೇಲೆ ಹಾಸಿಗೆ ಹಾಸಿದರು. ಅವರು ನಮಾಜು ಮಾಡಿದರು. ಆಮೇಲೆ ತಂಬೂರಿ ಶ್ರುತಿ ಮಾಡಿಸಿ ದರಬಾರಿ ರಾಗದಲ್ಲಿ ಪ್ರಾರ್ಥನೆ ಹಾಡುತ್ತಾ ಹಾಡುತ್ತಾ ಒರಗಿದರು. ಅಕ್ಟೋಬರ್ 27. ಆ ಎದೆನೋವಿನಲ್ಲೂ ಶ್ರುತಿ ಸರಿಯಿಲ್ಲದೆ ಹಾಡಲಿಲ್ಲ ನೋಡ್ರಿ.

ದೇಹವನ್ನು ಮಿರಜಕ್ಕೆ ತಂದು ದರ್ಗಾದ ಆವರಣದಲ್ಲೇ ಮಣ್ಣು ಮಾಡಿದರು. ಅಂದಿನಿಂದ ಉರುಸಿನ ಹೊತ್ತಿಗೆ ಅವರ ನೆನಪಿನಲ್ಲಿ ಸಂಗೀತ ಸಭೆ ನಡೆಯುತ್ತಾ ಬಂದಿದೆ. ದೊಡ್ಡ ದೊಡ್ಡ ಗಾಯಕರು ಬಂದು ಸೇವೆ ಅಂತ ಹಾಡಿ ಹೋಗುತ್ತಾರೆ.

ಬರೋ ಉರುಸಿಗೆ ನಮ್ಮ ಸಂಘದಿಂದ ಎಲ್ಲರೂ ಹೋಗೋಣ ಅಂತ ಮಾಡೀವಿ. ಗಿಟಾರಿನ ಹುಡುಗರೂ ಬರತಾರ, ಸಭೆಗೆ ಮೊದಲು ಹಗಲಿನಾಗ ಅವರನ್ನ ಸತಾರಮೇಕರ ಗಲ್ಲಿಗೆ ಕರಕೊಂಡು ಹೋಗಿ ಜವಾರಿ ತಿಕ್ಕೂದು ತೋರಸೂದೈತಿ. ನೀವು ಗಲೇಫಿನ ಮೆರವಣಿಗಿ ಮುಗಿಸಿ, ಮನಿಗೆ ಹೋಗಿ ಊಟ ಮಾಡಿ ಬರ್ರಿ. ಮಕ್ಕಳನ್ನೂ ಕರಕೊಂಡು ಬರ್ರಿ. ಕಲ್ಲು ತಂಪಿರತಾವ, ಹಾಸಾಕ ಒಂದು ಚಾದರ ತರ್ರಿ. ಸಭೆ ತಡರಾತ್ರಿತನಕ ನಡೀತೈತಿ.